ತಡಮೆ ದಾಟಿದವರ ಬುತ್ತಿ

ಭಾನುವಾರ ಬೆಳಗಾದರೆ ಹತ್ತು ಹನ್ನೆರಡು ಜನ ಕೂಡಿಕೊಂಡು, ಕೈಯಲ್ಲೊಂದು ಭೂಪಟ ಹಿಡಿದು, ಬೆನ್ನಿಗೊಂದು ಚೀಲ ಹಾಕಿ, ಹೊಲದ ದಾರಿಗಳಲ್ಲಿ ಏಳೆಂಟು ಮೈಲಿ ನಡೆದುಬರುವ ಪದ್ಧತಿ ಇಂಗ್ಲೆಂಡಿನಲ್ಲುಂಟು. ಅಂಥ ಕೆಲವು ತಂಡಗಳವರು ನಡಿಗೆಯ ಕೊನೆಗೆ ಬೇರೆ ಬೇರೆ ಅಂಗಡಿಗಳ ಪೋರ್ಕ್ ಪೈಗಳನ್ನು ಕೊಯ್ದು, ರುಚಿ ನೋಡಿ, ಅಂಕ ಹಾಕುತ್ತಾರೆ. ಇದು ತಿಂಡಿಪೋತರ ಹುಡುಗಾಟವೆಂದು ಓದುಗರಿಗೆ ತೋರೀತು. ಆದರೆ ಆ ನಡಿಗೆಯ ಹಿಂದೆಯೂ ಈ ಭಕ್ಷ್ಯದ ಹಿಂದೆಯೂ ಇರುವುದು ಒಂದೇ ಸಂಗತಿ. ಅದು ಆ ನಾಡಿನ ಬಯಲಿಗೆ ಬಿದ್ದ ಬೇಲಿ.

ಮೊದಲು ಭಕ್ಷ್ಯದ ಮಾತು. ನಮ್ಮ ಕಡುಬಿನಂತೆ ಇದಕ್ಕೂ ಕಣಕ, ಹೂರಣ ಎರಡುಂಟು. ಹಂದಿಯ ನೆಣವನ್ನು ನೀರಿನೊಡನೆ ಕುದಿಸಿ, ಆ ಬಿಸಿಯಲ್ಲಿಯೇ ಗೋಧಿಹಿಟ್ಟನ್ನು ಕಲಸಿ, ಮರದ ಅಚ್ಚಿನ ಸುತ್ತ ಕೈಯಿಂದ ಎತ್ತರಿಸಿ ಬಟ್ಟಲಿನಂತೆ ಮಾಡುತ್ತಾರೆ. ಒಳಗೆ ಕೊಚ್ಚಿದ ಹಂದಿಮಾಂಸ, ಉಪ್ಪು, ಮೆಣಸು. ಮೇಲೆ ಕಣಕದ್ದೇ ಮುಚ್ಚಳ. ಬೆಂದ ಮೇಲೆ ಮುಚ್ಚಳದ ತೂತಿನಿಂದ ಎಲುಬಿನ ಸಾರನ್ನು ಹೊಯ್ಯುವರು. ಅದು ಆರಿ ಗಟ್ಟಿಯಾಗಿ, ಮಾಂಸಕ್ಕೂ ಕಣಕಕ್ಕೂ ನಡುವಿನ ಸಂದನ್ನು ತುಂಬಿ, ಗಾಳಿಯಾಡದಂತೆ ಮಾಡುತ್ತದೆ. ತಣ್ಣಗೇ ತಿನ್ನುವ ಪದಾರ್ಥ. ಕೆಡದೆ ಉಳಿಯುವುದರಿಂದ ದಾರಿಯ ಬುತ್ತಿಗೆ ಹೇಳಿ ಮಾಡಿಸಿದ್ದು.

ಇದಕ್ಕೆ ಹೆಸರಾದ ಊರು ಲೀಸ್ಟರ್‌ಷೈರ್ ಸೀಮೆಯ ಮೆಲ್ಟನ್ ಮೌಬ್ರೆ. ಒಂದು ಕಾಲಕ್ಕೆ ಆ ಪ್ರಾಂತದಲ್ಲಿ ಹಳ್ಳಿಯವರೆಲ್ಲರೂ ಕೂಡಿ ಉಳುವ ತೆರೆದ ಹೊಲಗಳೂ, ನಮ್ಮ ಗೋಮಾಳದಂಥ ಹುಲ್ಲುಗಾವಲುಗಳೂ ಇದ್ದುವು. ಇಂಥವನ್ನು ಒಬ್ಬೊಬ್ಬರ ಸ್ವತ್ತಾಗಿ ಹಂಚಿ ಬೇಲಿ ಹಾಕಿಸಲು 1604ರಿಂದ 1914ರವರೆಗೆ ಪಾರ್ಲಿಮೆಂಟಿನ ಮುಂದೆ 5,200ಕ್ಕೂ ಹೆಚ್ಚು ಮಸೂದೆಗಳು ಬಂದುವು. 68 ಲಕ್ಷ ಎಕರೆ, ಎಂದರೆ ಇಂಗ್ಲೆಂಡಿನ ಐದರಲ್ಲೊಂದು ಪಾಲಿಗೂ ಮಿಗಿಲಾದ ನೆಲ, ಬೇಲಿಯೊಳಗಾಯಿತು. ಎಲ್ಲವೂ ಕಾಯಿದೆಯ ಪ್ರಕಾರವೇ ನಡೆಯಿತೆಂಬುದನ್ನು ಮರೆಯಬಾರದು. ಆ ಕಾಯಿದೆ ಮಾಡಿದವರಲ್ಲಿ ಬಹುಮಂದಿ ಜಮೀನ್ದಾರರೇ ಎಂಬುದನ್ನೂ ಮರೆಯಬಾರದು.

ಲೀಸ್ಟರ್‌ಷೈರಿನ ಉಳುವ ನೆಲ ಬಹುಪಾಲು ಹುಲ್ಲಾಯಿತು. ಹುಲ್ಲಿನಿಂದ ಹಸು, ಹಸುವಿನಿಂದ ಸ್ಟಿಲ್ಟನ್ ಎಂಬ ಚೀಸು, ಚೀಸು ತೆಗೆದ ಮೇಲೆ ಉಳಿದ ತಿಳಿನೀರಿನಿಂದ ಹಂದಿ ಕೊಬ್ಬಿತು. ಹಸಿರು ಬಯಲು, ಕುದುರೆ ಹಾರಿಸಲು ಬೇಲಿ, ಎರಡೂ ದೊರೆತದ್ದರಿಂದ ಶ್ರೀಮಂತರು ನರಿಬೇಟೆಗೆ ಅಲ್ಲಿ ನೆರೆದರು. ಅವರ ಕುದುರೆಯಾಳುಗಳು ಜೇಬಿನಲ್ಲಿಟ್ಟುಕೊಂಡು ತಿನ್ನುತ್ತಿದ್ದ ಪೈಯನ್ನು ಕಂಡು ಧಣಿಗಳ ಬಾಯಲ್ಲೂ ನೀರೂರಿತೆಂದು ಊರಿನವರ ಹೇಳಿಕೆ. 1831ರಲ್ಲಿ ಎಡ್ವರ್ಡ್ ಆಡ್ಕಾಕ್ ಎಂಬವನು ಕುದುರೆಬಂಡಿಯಲ್ಲಿ ಅದನ್ನು ಲಂಡನ್ನಿಗೆ ಕಳುಹಿಸತೊಡಗಿದನು. ಅಲ್ಲಿಂದ ಮುಂದೆ ಅದರ ಕೀರ್ತಿಗೆ ತಡೆಯಿಲ್ಲ.

ಬೇಲಿಯ ಹೊರಗುಳಿದವರ ಕಥೆ ಬೇರೆ. ಹಸು ಕಟ್ಟಲು ಜಾಗವಿಲ್ಲದ ಬಡವರಲ್ಲಿ ಎಷ್ಟೋ ಜನ ಪಟ್ಟಣ ಸೇರಿದರು. ಗಿರಣಿ, ಕುಲುಮೆಗಳ ಹೊಗೆ ಕುಡಿದ ಮ್ಯಾಂಚೆಸ್ಟರ್, ಷೆಫೀಲ್ಡ್ ನಗರಗಳ ದುಡಿಮೆಗಾರರಿಗೆ ವಾರಕ್ಕೊಂದು ದಿನ ಬಿಡುವು, ಕಣ್ಣೆದುರಿಗೆ ಬೆಟ್ಟ. 1900ರಲ್ಲಿ ಜಿ. ಎಚ್. ಬಿ. ವಾರ್ಡ್ ಎಂಬವರು ಷೆಫೀಲ್ಡಿನಲ್ಲಿ ಭಾನುವಾರದ ನಡಿಗೆಯ ಸಂಘವೊಂದನ್ನು ಕಟ್ಟಿದರು. ಆದರೆ ಬೆಟ್ಟವೂ ಖಾಸಗಿ! ಅಲ್ಲಿ ಧಣಿಗಳು ಗ್ರೌಸ್ ಎಂಬ ಹಕ್ಕಿಯ ಬೇಟೆಯಾಡುವರು; ಮಿಕ್ಕ ದಿನವೆಲ್ಲ ಕಾವಲು.

1932ರ ಏಪ್ರಿಲ್ 24ರಂದು ಕೆಲವು ನೂರು ಮಂದಿ ಹೇಫೀಲ್ಡ್ ಹಳ್ಳಿಯಿಂದ ಹೊರಟು ಕಿಂಡರ್ ಸ್ಕೌಟ್ ಬೆಟ್ಟವನ್ನು ಬೇಕೆಂದೇ ಏರಿದರು. ಮುಂದಾಳು ಬೆನ್ನಿ ರಾಥ್‌ಮನ್, ಇಪ್ಪತ್ತು ವರ್ಷದ ಹುಡುಗ. ಕಾವಲುಗಾರರೊಡನೆ ಕೈಕೈ ಮಿಲಾಯಿಸಿತು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸವಾಯಿತು, ರಾಥ್‌ಮನ್ನನಿಗೆ ನಾಲ್ಕು. ಪರರ ನೆಲ ತುಳಿಯುವುದು ಆಗ ಅಲ್ಲಿ ದಂಡನೀಯ ಅಪರಾಧವೇ ಆಗಿರಲಿಲ್ಲ. ಶಿಕ್ಷೆಯಾದದ್ದು ದೊಂಬಿ, ಹಲ್ಲೆಗಳ ಹೆಸರಿನಲ್ಲಿ. ಬರಿಯ ನಡಿಗೆಗಾಗಿ ಜೈಲೆಂಬ ಭಾವನೆ ಜನರಲ್ಲಿ ಬೇರೂರಿತು, ಅದನ್ನು ತಪ್ಪೆಂದು ನಾನು ಹೇಳಲಾರೆ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. 1951ರಲ್ಲಿ ಆ ಬೆಟ್ಟಸೀಮೆಯೇ ಮೊದಲನೆಯ ಉದ್ಯಾನವಾಯಿತು. 2000ದ ಕಾಯಿದೆ ಬೆಟ್ಟ, ಕುರುಚಲು ಬಯಲುಗಳಲ್ಲಿ ಸ್ವೇಚ್ಛೆಯಾಗಿ ಅಡ್ಡಾಡುವ ಹಕ್ಕು ಕೊಟ್ಟಿತು. 2002ರಲ್ಲಿ, ಎಪ್ಪತ್ತನೆಯ ವರ್ಷದ ಸಮಾರಂಭದಲ್ಲಿ, ಡೆವನ್‌ಷೈರಿನ ಡ್ಯೂಕ್ ತನ್ನ ಅಜ್ಜನ ಕಾಲದ ತಪ್ಪಿಗಾಗಿ ಎಲ್ಲರೆದುರು ಕ್ಷಮೆ ಕೇಳಿದನು.

ಲೀಸ್ಟರ್‌ಷೈರ್ ಹೊಲಗದ್ದೆಗಳ ಸೀಮೆ. ಅಲ್ಲಿಗೆ ಆ ಕಾಯಿದೆಯ ಫಲ ಅಷ್ಟಕ್ಕಷ್ಟೆ. ಅಲ್ಲಿನ ನಡಿಗೆಯವರು ನೆಚ್ಚಿರುವುದು ಹೊಲಗಳ ನಡುವಿನ ಹಳೆಯ ಕಾಲುದಾರಿಗಳನ್ನು. ಲೀಸ್ಟರಿನಲ್ಲಿರುವ ನನ್ನ ತಮ್ಮನ ತಂಡದೊಡನೆ ನಾನೂ ಒಂದು ಭಾನುವಾರ ಹೊರಟಿದ್ದೆ: ಹಿಂದೆ ಬಸ್ಸು ನಡೆಸುತ್ತಿದ್ದವರೊಬ್ಬರು, ಇಬ್ಬರು ದಾದಿಯರು, ಉಳಿದವರೂ ದುಡಿದುಣ್ಣುವವರೇ. ತಡಮೆಗಳನ್ನು ಹತ್ತಿಳಿದು ಸಾಕಾದ ಹೊತ್ತಿಗೆ ಒಂದು ಹೊಲ ಎದುರಾಯಿತು. ದಾರಿಯ ಗುರುತೇ ಇಲ್ಲದಂತೆ ಉತ್ತಿದ್ದರು. ಬದುವಿನ ಮೇಲೆ ಸುತ್ತಿ ಹೋಗೋಣವೆಂದೆ. ಮುಂದಿದ್ದ ಹಿರಿಯರು ಒಪ್ಪಲಿಲ್ಲ. ಉತ್ತವನು ಹದಿನಾಲ್ಕು ದಿನಗಳೊಳಗೆ ದಾರಿಯನ್ನು ಮತ್ತೆ ಸರಿಮಾಡಬೇಕೆಂದು ಕಾಯಿದೆಯಿದೆ. ಅಲ್ಲಿಯವರೆಗೆ ಅದನ್ನು ತುಳಿದು ಉಳಿಸಿಕೊಳ್ಳುವುದು ನಮ್ಮ ಕೆಲಸ ಎಂದರು. ಭೂಪಟದ ಗೆರೆಯನ್ನು ಹಿಡಿದು, ಕಣಕಾಲಿನವರೆಗಿನ ಜೇಡಿಮಣ್ಣಿನಲ್ಲಿ, ಒಬ್ಬರ ಹೆಜ್ಜೆಯಲ್ಲಿ ಮತ್ತೊಬ್ಬರು ಹೆಜ್ಜೆಯಿಟ್ಟು ದಾಟಿದೆವು.

ಕೊನೆಗೆ ಐದು ಅಂಗಡಿಗಳ ಪೈಗಳು ಮೇಜಿಗೆ ಬಂದುವು. ಕಣಕಕ್ಕೆ ಹತ್ತು, ಮಾಂಸಕ್ಕೆ ಹತ್ತು, ಗಟ್ಟಿಸಾರಿಗೆ ಹತ್ತು ಅಂಕ. ನಾನು ಸಸ್ಯಾಹಾರಿ. “ಅಣ್ಣ, ನೀನು ತಿನ್ನುವವನಲ್ಲ, ಅಂಕ ಕೂಡಿಸು” ಎಂದು ತಮ್ಮ ಕಾಗದಗಳನ್ನು ನನ್ನ ಮುಂದಿಟ್ಟ. ಮೆಲ್ಟನ್ನಿನ ಪೈಗೆ ಎರಡು ಗುರುತುಗಳಂತೆ: ಅಚ್ಚಿಲ್ಲದೆ ಬೇಯುವುದರಿಂದ ಹೊಟ್ಟೆ ಹೊರಕ್ಕೆ ಬಾಗಿರಬೇಕು, ಮಾಂಸಕ್ಕೆ ಔಷಧ ಹಾಕಿ ಕೆಂಪು ಮಾಡಿರಬಾರದು, ಬೂದಿಬಣ್ಣವಿರಬೇಕು. ಗಟ್ಟಿಸಾರಿನ ವಿಚಾರದಲ್ಲಿ ದಾದಿಯರಿಬ್ಬರಿಗೂ ವಾದ ಹತ್ತಿ ಕಾಲುಗಂಟೆ ಹಿಡಿಯಿತು. ನನ್ನ ಲೆಕ್ಕದಲ್ಲಿ ಎರಡು ಪೈಗಳಿಗೆ ಸಮಾಂಕ ಬಂದಾಗ, ಬಸ್ಸಿನ ಹಿರಿಯರು ಮರುಮೌಲ್ಯಮಾಪನಕ್ಕೆಂದು ಇನ್ನೊಂದೊಂದು ತುಂಡು ಕೊಯ್ಯಹೇಳಿದರು.