ಸೆಕೆಂಡ್ ಹ್ಯಾಂಡ್ ಮೆಮೊರಿ, ಹೊಸ ಕನ್ನಡ

ಮುಂಬಯಿಯ ಮನೆ ಕಂಪ್ಯೂಟರಿನ ಚರಿತ್ರೆಯನ್ನು ಯಾರಾದರೂ ಬರೆದರೆ ಅದರಲ್ಲಿ ಬಹುಪಾಲು ಲ್ಯಾಮಿಂಗ್ಟನ್ ರೋಡಿನ ಕಥೆಯೇ ಇರಬೇಕು. ಬೋರ್ಡಿನ ಮೇಲೆ ಡಾ. ಭಡಕಮ್ಕರ್ ಮಾರ್ಗ ಅಂತಿದೆ, ಬಾಯಲ್ಲಿ ಮಾತ್ರ ಹಳೇ ಹೆಸರೇ. ನಮ್ಮ ಜೋಗೇಶ್ವರಿಯಿಂದ ಲೋಕಲ್ ಹಿಡಿದು ಗ್ರ್ಯಾಂಟ್ ರೋಡಿನಲ್ಲಿಳಿದು ಪೂರ್ವಕ್ಕೆ ನಡೆದರಾಯಿತು.

ನನ್ನಂಥವರನ್ನು ಅಲ್ಲಿಗೆ ಎಳೆದದ್ದು ಕನ್ನಡವೇ ಅಂದರೆ ನಗಬೇಡಿ. 1998ರಲ್ಲಿ 'ಬರಹ' ಬಂದ ಮೇಲೆ ವಿಂಡೋಸ್ 98ರಲ್ಲೇ ಕನ್ನಡ ಟೈಪ್ ಮಾಡಬಹುದಿತ್ತು. ಆದರೆ ಆ ಫಾಂಟ್ ಇಲ್ಲದ ಕಡೆ ತೆರೆದರೆ ಅಕ್ಷರವೆಲ್ಲ ಚಿತ್ರಾನ್ನ! ಯೂನಿಕೋಡ್ ಕನ್ನಡ ಸರಿಯಾಗಿ ಕಾಣಿಸಿದ್ದು 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಫಾಂಟಿನೊಡನೆ. ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ಮೆಮೊರಿ ಬೇಕು, 128 ಇದ್ದರೆ ಒಳ್ಳೆಯದು ಎಂದು ಮೈಕ್ರೋಸಾಫ್ಟೇ ಹೇಳಿತ್ತು. ಹಳೇ ಮೆಷೀನಿಗೆ ಹೊಸ ಸ್ಟಿಕ್ ಹಾಕಿಸುವಷ್ಟು ದುಡ್ಡು ಎಲ್ಲಿಂದ ತರೋದು? ಸೆಕೆಂಡ್ ಹ್ಯಾಂಡೇ ಗತಿ.

ಅಂಗಡಿಯವನು ಕೊಡುತ್ತಿದ್ದದ್ದು 'ಟೆಸ್ಟಿಂಗ್ ವಾರಂಟಿ'. ಅಂದರೆ ಕಣ್ಣೆದುರು ಹಾಕಿ ತೋರಿಸುತ್ತಾನೆ, ಮೆಟ್ಟಿಲಿಳಿದ ಮೇಲೆ ನೀವುಂಟು ನಿಮ್ಮ ಹಣೆಬರಹವುಂಟು. ಮೊದಲು ಕಚ್ಚು ಎಣಿಸಬೇಕು: 168 ಪಿನ್ನಿನ ಎಸ್‌ಡಿರ‍್ಯಾಮಿಗೆ ಎರಡು, 184 ಪಿನ್ನಿನ ಡಿಡಿಆರ್‌ಗೆ ಒಂದು. ಪಿನ್ನುಗಳ ಚಿನ್ನದ ಬಣ್ಣ ಮಾಸಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಬಹುದು; ಹಸಿರು ಕಿಲುಬು ಕಂಡರೆ ವಾಪಸ್ ಕೊಟ್ಟುಬಿಡಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಸುರಿದ ಮೇಲಂತೂ ಕಿಲುಬು ನೋಡದೆ ನಾನು ಏನನ್ನೂ ಕೊಂಡಿಲ್ಲ. ಮನೆಗೆ ಬಂದು ಫ್ಲಾಪಿಯಿಂದ ಮೆಮ್‌ಟೆಸ್ಟ್86 ಹಚ್ಚಿ ರಾತ್ರಿಯಿಡೀ ಬಿಡೋದು. ಬೆಳಿಗ್ಗೆ ಒಂದೂ ಕೆಂಪು ಗೆರೆ ಇಲ್ಲದಿದ್ದರೆ ಆ ಸ್ಟಿಕ್ಕನ್ನು ನಂಬಬಹುದು. ತಿರುಗುವ ಭಾಗವೇ ಇಲ್ಲದ ವಸ್ತು, ಸವೆಯೋದಕ್ಕೆ ಏನಿದೆ?

ಹಾರ್ಡ್ ಡಿಸ್ಕಿನ ಜಾತಿಯೇ ಬೇರೆ. ಅದು ತಿರುಗುತ್ತದೆ, ಸವೆಯುತ್ತದೆ, ಹೋಗುವಾಗ ನೀವು ಬರೆದದ್ದನ್ನೂ ಕರೆದುಕೊಂಡು ಹೋಗುತ್ತದೆ. ಅದರೊಳಗೇ 'ಸ್ಮಾರ್ಟ್' ಎಂಬ ದಿನಚರಿ ಇರುತ್ತದೆ: ಎಷ್ಟು ಗಂಟೆ ಓಡಿದೆ, ಎಷ್ಟು ಸೆಕ್ಟರು ಕೆಟ್ಟು ಬದಲಾಗಿವೆ ಅಂತ. 2007ರಲ್ಲಿ ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದರು. ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕು 60 ದಿನದೊಳಗೆ ಕೆಡುವ ಸಂಭವ, ಎರರ್ ಇಲ್ಲದ್ದಕ್ಕಿಂತ 39 ಪಟ್ಟು! ಇನ್ನೊಂದು ಮಾತನ್ನು ವ್ಯಾಪಾರಿಗಳು ಹೇಳುವುದಿಲ್ಲ: ಕೆಟ್ಟುಹೋದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಎಚ್ಚರಿಕೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ದಿನಚರಿ ಕೆಟ್ಟದಾಗಿದ್ದರೆ ಬಿಡಿ. ಚೆನ್ನಾಗಿದ್ದರೂ ಪೂರ್ತಿ ನಂಬಬೇಡಿ.

ಅದಕ್ಕೇ ನನ್ನ ಲೆಕ್ಕ ಸರಳ. ರ‍್ಯಾಮ್ ಹಳೆಯದಾದರೂ ಪರವಾಗಿಲ್ಲ, ಕನ್ನಡದ ಬರಹಗಳಿರುವ ಡಿಸ್ಕು ಮಾತ್ರ ಹೊಸದೇ ಬೇಕು, ಅದರದೊಂದು ನಕಲೂ ಬೇಕು. 2011ರಲ್ಲಿ ಥಾಯ್ಲೆಂಡಿನ ಪ್ರವಾಹದಲ್ಲಿ ಕಾರ್ಖಾನೆಗಳು ಮುಳುಗಿ ಡಿಸ್ಕಿನ ಬೆಲೆ ಗಗನಕ್ಕೇರಿದಾಗಲೂ ಈ ಹಟ ಬಿಡಲಿಲ್ಲ. ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ ನಿಜ, ಆದರೆ ಬರೆದಷ್ಟೂ ಸವೆಯುತ್ತದೆ. ಹಳೆಯದನ್ನು ಕೊಳ್ಳುವವರು ಗಂಟೆಯ ಜೊತೆಗೆ ಇಲ್ಲಿಯವರೆಗೆ ಎಷ್ಟು ಟೆರಾಬೈಟ್ ಬರೆಯಲಾಗಿದೆ ಅನ್ನೋದನ್ನೂ ಅಂಗಡಿಯಲ್ಲೇ ನಿಂತು ತೆಗೆಸಿ ನೋಡಿ.