ಪಿರಮಿಡ್ಡಿನ ಓರೆ, ಬೀಜಗಣಿತದ ಗೆರೆ

ಸರಳರೇಖೆಯ ಇಳಿಜಾರು ಎಂದರೆ ಏನು ಎಂದು ಪ್ರೌಢಶಾಲೆಯ ಹುಡುಗರನ್ನು ಕೇಳಿದರೆ ಸೂತ್ರ ಥಟ್ಟನೆ ಬರುತ್ತದೆ: ಏರಿದ ಎತ್ತರವನ್ನು ಅಡ್ಡಲಾಗಿ ಸಾಗಿದ ದೂರದಿಂದ ಭಾಗಿಸಬೇಕು. ಏಕೆ ಭಾಗಿಸಬೇಕು ಎಂದರೆ ಉತ್ತರ ತಡವಾಗುತ್ತದೆ. ಈ ಭಾಗಾಕಾರ ಬೀಜಗಣಿತಕ್ಕಿಂತ ಬಹಳ ಹಳೆಯದು.

1858ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹೆನ್ರಿ ರಿಂಡ್ ಈಜಿಪ್ಟಿನ ಲಕ್ಸರ್ ಪಟ್ಟಣದಲ್ಲಿ ಒಂದು ಪಪೈರಸ್ ಸುರುಳಿಯನ್ನು ಕೊಂಡ. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 1550ರ ಸುಮಾರಿಗೆ ಅಹ್ಮೋಸ್ ಎಂಬ ಲಿಪಿಕಾರ ಇನ್ನೂ ಹಳೆಯದೊಂದು ಪ್ರತಿಯನ್ನು ನೋಡಿ ಬರೆದ ಲೆಕ್ಕದ ಪುಸ್ತಕವದು. ಅದರ 56ನೆಯ ಲೆಕ್ಕ ಹೀಗಿದೆ: ಪಿರಮಿಡ್ಡಿನ ಬುಡದ ಒಂದು ಬದಿ 360 ಮೊಳ, ಎತ್ತರ 250 ಮೊಳ, ಅದರ ‘ಸೆಕೆಡ್’ ಎಷ್ಟು?

ಸೆಕೆಡ್ ಎಂದರೆ ಗೋಡೆ ಒಂದು ಮೊಳ ಮೇಲೇರುವಷ್ಟರಲ್ಲಿ ಎಷ್ಟು ಒಳಸರಿಯಬೇಕು ಎಂಬ ಅಳತೆ. ಅವರ ಒಂದು ಮೊಳಕ್ಕೆ ಏಳು ಅಂಗೈ ಅಗಲ, ಒಂದು ಅಂಗೈಗೆ ನಾಲ್ಕು ಬೆರಳು. ಅಹ್ಮೋಸ್ 360ರ ಅರ್ಧ 180 ತೆಗೆದುಕೊಂಡು 250ರಿಂದ ಭಾಗಿಸಿ, ಬಂದದ್ದನ್ನು ಏಳರಿಂದ ಗುಣಿಸುತ್ತಾನೆ. ಉತ್ತರ ಐದು ಅಂಗೈ ಮತ್ತು ಒಂದು ಅಂಗೈಯ 25ನೆಯ ಒಂದು ಭಾಗ. ನಾವಾದರೆ 250ನ್ನು 180ರಿಂದ ಭಾಗಿಸಿ ಇಳಿಜಾರು ಸುಮಾರು 1.39 ಎನ್ನುತ್ತೇವೆ. ಲೆಕ್ಕ ಅದೇ, ತಲೆಕೆಳಗು ಅಷ್ಟೆ.

ಕಲ್ಲುಕುಟಿಗನಿಗೆ ಬೇಕಾದದ್ದೂ ಇದೇ. ಅವನ ಕೈಯಲ್ಲಿ ಕೋನಮಾಪಕವಿಲ್ಲದಿದ್ದರೂ ಮೊಳಕೋಲಿದ್ದರೆ ಸಾಕು. ನಾಲ್ಕೂ ಮುಖಗಳ ಕಲ್ಲುಗಳಿಗೆ ಒಂದೇ ಅಳತೆ ಹಿಡಿದರೆ ಅವು ತುದಿಯಲ್ಲಿ ಕೂಡುತ್ತವೆ. ಒಂದು ಮುಖದಲ್ಲಿ ಬೆರಳಷ್ಟು ತಪ್ಪಿದರೂ ನೂರಾರು ಮೊಳ ಮೇಲೆ ಅದು ನೂರಾರು ಬೆರಳಾಗುತ್ತದೆ. ಗೀಜಾದ ಮಹಾ ಪಿರಮಿಡ್ಡಿನ ಬದಿ 440 ಮೊಳ, ಎತ್ತರ 280 ಮೊಳ. ಅಲ್ಲಿಗೆ ಸೆಕೆಡ್ ಸರಿಯಾಗಿ ಐದೂವರೆ ಅಂಗೈ.

ದಹ್ಶೂರಿನ ‘ಬಾಗಿದ ಪಿರಮಿಡ್’ ನೋಡಿದರೆ ಈ ಸಂಖ್ಯೆಯ ಬೆಲೆ ತಿಳಿಯುತ್ತದೆ. ಸ್ನೆಫ್ರು ದೊರೆ ಕ್ರಿ.ಪೂ. 2600ರ ಸುಮಾರಿಗೆ ಕಟ್ಟಿಸಿದ ಇದು ಕೆಳಭಾಗದಲ್ಲಿ ಕಡಿದಾಗಿ, ಸುಮಾರು 54 ಡಿಗ್ರಿಯ ಓರೆಯಲ್ಲಿ ಏರುತ್ತದೆ. ನಡುವಿನಲ್ಲಿ ಥಟ್ಟನೆ 43 ಡಿಗ್ರಿಗೆ ಇಳಿಯುತ್ತದೆ. ಸೆಕೆಡ್‌ನ ಮಾತಿನಲ್ಲಿ ಐದು ಅಂಗೈ ಇದ್ದದ್ದು ಏಳೂವರೆಯ ಆಸುಪಾಸಿಗೆ ಬಂತು. ಕಟ್ಟಡ ಬಿರುಕು ಬಿಟ್ಟದ್ದರಿಂದ ಭಾರ ತಗ್ಗಿಸಲು ಹೀಗೆ ಮಾಡಿದರೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಸ್ನೆಫ್ರುವಿನ ಮುಂದಿನ ‘ಕೆಂಪು ಪಿರಮಿಡ್’ ಬುಡದಿಂದಲೇ ಆ ಸೌಮ್ಯ ಓರೆಯಲ್ಲಿ ಎದ್ದಿತು.

ಗೆರೆಯನ್ನು ಸಮೀಕರಣವಾಗಿ ಬರೆಯುವ ದಾರಿ ತೆರೆದದ್ದು 17ನೆಯ ಶತಮಾನದಲ್ಲಿ, ಫ್ರಾನ್ಸಿನ ಡೆಕಾರ್ಟ್ ಮತ್ತು ಫರ್ಮಾ ಅವರಿಂದ. ಡೆಕಾರ್ಟನ ಜ್ಯಾಮಿತಿಯ ಗ್ರಂಥ ಬಂದದ್ದು 1637ರಲ್ಲಿ. ಇಳಿಜಾರಿಗೆ ‘ಎಂ’ ಅಕ್ಷರ ಅಂಟಿದ್ದು ಇನ್ನೂ ತಡವಾಗಿ. ‘ಏರು’ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂತೆಂಬ ಕಥೆಯನ್ನು ಮೇಷ್ಟರುಗಳು ಹೇಳುವುದುಂಟು, ಅದಕ್ಕೆ ಆಧಾರವಿಲ್ಲ.

ಅಹ್ಮೋಸನ ಕ್ರಮ ಪೂರ್ತಿ ಅಳಿದಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲುಮಾರ್ಗದ ಏರು ‘50ಕ್ಕೆ 1’ ಎನ್ನುತ್ತಾರೆ. ಒಂದು ಮೀಟರ್ ಏರಲು 50 ಮೀಟರ್ ಸಾಗಬೇಕು. ಇಲ್ಲಿಯೂ ಎತ್ತರವನ್ನು ಒಂದೆಂದು ಹಿಡಿದು ದೂರವನ್ನು ಎಣಿಸುವುದೇ. ಈ ಎಣಿಕೆಯಲ್ಲಿ ನೆಟ್ಟಗೆ ನಿಂತ ಗೋಡೆಗೆ ಸೊನ್ನೆ ಸಿಗುತ್ತದೆ. ಬೀಜಗಣಿತದಲ್ಲಾದರೋ ಸೊನ್ನೆ ಮಲಗಿದ ಗೆರೆಗೆ. ನೆಟ್ಟಗಿನ ಗೆರೆಗೆ ಇಳಿಜಾರೆಂಬ ಸಂಖ್ಯೆಯೇ ಇಲ್ಲ.