ಡಾ. ಪಲ್ಪು: ತವರು ಬೇಡವೆಂದ ವೈದ್ಯ, ಮೈಸೂರಿಗೆ ದೊರೆತ ಅಧಿಕಾರಿ

ವೈದ್ಯವಿಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ರೋಗಾಣು, ಲಸಿಕೆ, ಔಷಧಿಗಳ ಚರಿತ್ರೆಯಾಗಿ ಓದುತ್ತೇವೆ. ವೈದ್ಯ ಸಂಸ್ಥೆಗಳ ಹೊಣೆ ಯಾರ ಕೈಗೆ ಬಂದಿತು, ಯಾರಿಗೆ ಬಾಗಿಲು ಮುಚ್ಚಿತ್ತು ಎಂಬುದು ಆ ಚರಿತ್ರೆಯ ಇನ್ನೊಂದು ಮುಖ. ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಉತ್ತಮ ನಿದರ್ಶನವಿದೆ.

ಪದ್ಮನಾಭನ್ ಪಲ್ಪು 1863ರಲ್ಲಿ ತಿರುವನಂತಪುರದ ಪೇಟ್ಟಾ ಎಂಬಲ್ಲಿ ಈಳವ ಕುಟುಂಬದಲ್ಲಿ ಜನಿಸಿದರು. ಅಂದಿನ ತಿರುವಾಂಕೂರಿನಲ್ಲಿ ಈ ಸಮುದಾಯದವರಿಗೆ ಸರ್ಕಾರಿ ಹುದ್ದೆಗಳು ನಿಲುಕುತ್ತಿರಲಿಲ್ಲ. ಪಲ್ಪು ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಎಲ್.ಎಂ.ಎಸ್. ಪದವಿ ಪಡೆದರು. 1875ರಷ್ಟು ಹಿಂದೆಯೇ ನಾಲ್ವರು ಮಹಿಳೆಯರನ್ನು ಸೇರಿಸಿಕೊಂಡು ಜಗತ್ತಿನ ಅನೇಕ ಕಾಲೇಜುಗಳಿಗಿಂತ ಮುಂದಿದ್ದ ಸಂಸ್ಥೆ ಅದು. ಆದರೆ ಪದವಿ ಪಡೆದು ಬಂದ ಪಲ್ಪು ಅವರಿಗೆ ತವರಿನಲ್ಲಿ ಜಾತಿಯ ಕಾರಣದಿಂದ ಕೆಲಸ ಸಿಗಲಿಲ್ಲ. ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು.

ಬೆಂಗಳೂರಿನಲ್ಲಿ ಅವರು ವಹಿಸಿಕೊಂಡ ಮುಖ್ಯ ಹೊಣೆಗಳಲ್ಲಿ ಲಸಿಕೆ ತಯಾರಿಕೆಯೂ ಒಂದು. ಸಿಡುಬಿನ ವಿರುದ್ಧ 'ದೇವಿ ಹಾಕುವ' ಲಸಿಕೆಯನ್ನು ಆಗ ಕರುವಿನ ಚರ್ಮದ ಮೇಲೆ ಬೆಳೆಸಲಾಗುತ್ತಿತ್ತು. ಹುಣ್ಣಿನಿಂದ ಕೆರೆದು ತೆಗೆದ ದ್ರವ್ಯವನ್ನು ಗ್ಲಿಸರಿನ್‌ನಂಥ ವಸ್ತುವಿನಲ್ಲಿ ಅರೆದು ಇಟ್ಟರೆ ಬೇರೆ ಬ್ಯಾಕ್ಟೀರಿಯಾಗಳು ಕ್ರಮೇಣ ಸಾಯುತ್ತವೆ, ಲಸಿಕೆಯ ಗುಣ ಉಳಿಯುತ್ತದೆ. ಆದರೆ ಶಾಖ ತಗುಲಿದರೆ ಲಸಿಕೆಯೇ ನಿರ್ಜೀವ. ಶೈತ್ಯಯಂತ್ರಗಳಿಲ್ಲದ ಆ ದಿನಗಳಲ್ಲಿ ಮಧುಗಿರಿ, ಪಾವಗಡದಂಥ ಬಿಸಿಲ ಸೀಮೆಗೆ ಲಸಿಕೆ ಕಳುಹಿಸುವುದೆಂದರೆ ಎಷ್ಟು ಎಚ್ಚರ ಬೇಕಿತ್ತೆಂದು ಊಹಿಸಬಹುದು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತು. ರೋಗಾಣುವನ್ನು 1894ರಲ್ಲೇ ಗುರುತಿಸಲಾಗಿತ್ತು. ಇಲಿಯ ಚಿಗಟದಿಂದ ಅದು ಹರಡುತ್ತದೆಂದು ಸಿಮೊಂಡ್ 1898ರಲ್ಲಿ ಸೂಚಿಸಿದರೂ ಅದಿನ್ನೂ ಒಪ್ಪಿತವಾಗಿರಲಿಲ್ಲ. ಅನುಕೂಲವಿದ್ದವರು ಊರು ಬಿಡುತ್ತಿದ್ದಾಗ ಪಲ್ಪು ಪ್ಲೇಗ್ ಶಿಬಿರಗಳ ಮೇಲ್ವಿಚಾರಣೆ ನಡೆಸಿದರು. ಕೇಂಬ್ರಿಜ್‌ನಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದ ಅವರು ಬೆಂಗಳೂರಿನ ಆರೋಗ್ಯಾಧಿಕಾರಿಯಾಗಿಯೂ ದುಡಿದರು. ಇತ್ತ ತಮ್ಮ ಸಮುದಾಯದ ಹಕ್ಕನ್ನೂ ಮರೆಯಲಿಲ್ಲ. 1896ರಲ್ಲಿ ಅವರ ಮುಂದಾಳುತನದಲ್ಲಿ 13,176 ಜನರ ಸಹಿಯುಳ್ಳ ಮನವಿ ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿತು.

ಹಾಗೆಂದು ಮೈಸೂರಿನಲ್ಲಿ ಎಲ್ಲರಿಗೂ ಬಾಗಿಲು ತೆರೆದಿತ್ತೆಂದು ಭಾವಿಸಬಾರದು. ಇಲ್ಲಿಯೂ ಉನ್ನತ ಹುದ್ದೆಗಳು ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದವು. ಇದನ್ನು ಪರಿಶೀಲಿಸಲು ಸರ್ ಲೆಸ್ಲಿ ಮಿಲ್ಲರ್ ಸಮಿತಿಯನ್ನು 1918ರಲ್ಲಿ ನೇಮಿಸಬೇಕಾಯಿತು. ಹೊರಗಿನಿಂದ ಬಂದ ಪಲ್ಪು ಅವರಿಗೆ ಸಿಕ್ಕ ಅವಕಾಶ ಇಲ್ಲಿನದೇ ಹಳ್ಳಿಗಳ ಎಷ್ಟೋ ಹುಡುಗರಿಗೆ ಸಿಕ್ಕಿರಲಿಲ್ಲ.

ಇದರಿಂದಾಗುವ ನಷ್ಟವನ್ನು ಸರಳ ಗಣಿತದಿಂದ ತಿಳಿಯೋಣ. ತರಗತಿಯಲ್ಲಿ 40 ವಿದ್ಯಾರ್ಥಿಗಳಿದ್ದಾರೆ. 30 ಮಂದಿಯನ್ನು ಹುಟ್ಟಿನ ಕಾರಣದಿಂದ ಹೊರಗಿಟ್ಟು ಉಳಿದ 10 ಮಂದಿಯಲ್ಲಿ ಒಬ್ಬರನ್ನು ನಾಯಕರನ್ನಾಗಿ ಆರಿಸುತ್ತೇವೆ ಎನ್ನಿ. ಪ್ರತಿಭೆ ಎಲ್ಲರಲ್ಲೂ ಸಮನಾಗಿ ಹಂಚಿದ್ದರೆ, ಅತ್ಯಂತ ಸಮರ್ಥರಾದವರು ಹೊರಗೇ ಉಳಿದಿರುವ ಸಂಭವ ನಾಲ್ಕರಲ್ಲಿ ಮೂರು. ನಷ್ಟ ಹೊರಗುಳಿದವರಿಗಷ್ಟೇ ಅಲ್ಲ, ಆರಿಸಿದ ಸಂಸ್ಥೆಗೂ ಉಂಟು.

ಇನ್ನೊಂದು ಅಂಶ ವಿಶ್ವಾಸದ್ದು. ಪ್ಲೇಗ್ ಕಾಲದಲ್ಲಿ ಮನೆಗಳನ್ನು ಶೋಧಿಸಿ, ಮಹಿಳೆಯರನ್ನು ಪುರುಷರೇ ಪರೀಕ್ಷಿಸಿದ ಕಡೆಗಳಲ್ಲಿ ಜನ ಸಿಡಿದೆದ್ದರು. ನಿಯಮ ರೂಪಿಸುವ ಕಡೆ ಮಹಿಳೆಯರಿದ್ದಿದ್ದರೆ ಈ ತೊಡಕು ಮೊದಲೇ ಕಾಣುತ್ತಿತ್ತಲ್ಲವೇ? ವೈದ್ಯ ಸಂಸ್ಥೆಗಳ ನೇತೃತ್ವ ಮಹಿಳೆಯರಿಗೆ ದೊರೆಯಲು ಬಹುಕಾಲ ಬೇಕಾಯಿತು. ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ 1940ರ ದಶಕದ ಕೊನೆಯಲ್ಲಿ ಡಾ. ಹಿಲ್ಡಾ ಲಾಜರಸ್ ಮುಖ್ಯಸ್ಥೆಯಾದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ನರರೋಗ ತಜ್ಞೆ ಡಾ. ಎಂ. ಗೌರಿದೇವಿ ಮುನ್ನಡೆಸಿದರು; 2021ರಲ್ಲಿ ಡಾ. ಪ್ರತಿಮಾ ಮೂರ್ತಿ ಅದರ ನಿರ್ದೇಶಕರಾದರು.

ಪಲ್ಪು 1950ರಲ್ಲಿ ನಿಧನರಾದರು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಅವಕಾಶದ ಅಸಮತೆಗೆ ಅಂಥ ಲಸಿಕೆಯಿಲ್ಲ. ಅದನ್ನು ಎಣಿಸಿ ನೋಡುತ್ತಲೇ ಇರಬೇಕು. ವೈದ್ಯಕೀಯ ಕಾಲೇಜುಗಳಲ್ಲಿ ಪ್ರಾಚಾರ್ಯರ ಹೆಸರುಗಳ ಫಲಕವಿರುತ್ತದೆ. ಶಿಕ್ಷಕರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಅದನ್ನೂ ಓದಿಸಲಿ. ಅದರಲ್ಲಿ ಮಹಿಳೆಯರೆಷ್ಟು, ಬಡವನಹಳ್ಳಿಯಂಥ ಊರುಗಳಿಂದ ಬಂದವರೆಷ್ಟು ಎಂದು ಮಕ್ಕಳೇ ಲೆಕ್ಕ ಹಾಕಲಿ.